ಕುಂಕುಮ ಬಿದ್ದ ರೀಲು

ಸೆಪ್ಟೆಂಬರ್ 14, ಭಾನುವಾರ

ಮಧುಗಿರಿಯಲ್ಲಿ ಫೋಟೋಗ್ರಾಫರ್ ಅಂತ ಬೋರ್ಡು ಹಾಕಿಕೊಂಡು ಕೂತಿರುವ ಹುಡುಗರಲ್ಲಿ ಒಬ್ಬನಿಗಾದರೂ ಬೆಳಕು ಅಂದರೆ ಏನು ಅಂತ ಗೊತ್ತಿದೆಯಾ? ಇಲ್ಲ. ನನಗೆ ಗೊತ್ತಿದೆ. ನಾನು ಓದಿದ್ದು ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ. ಆದರೆ ಬೆಟ್ಟದ ಬಂಡೆ ನೋಡಿ, ಕ್ಯಾಮೆರಾದೊಳಕ್ಕೆ ಎಷ್ಟು ಬೆಳಕು ಬಿಡಬೇಕು ಅಂತ ಹೇಳುವವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ. ಬಂಡೆ ಬೆಳಗಿದ ತಟ್ಟೆಯ ಹಾಗೆ ಹೊಳೆದರೆ ಒಂದು ಲೆಕ್ಕ, ಎಮ್ಮೆ ಬೆನ್ನಿನ ಬಣ್ಣಕ್ಕೆ ತಿರುಗಿದರೆ ಇನ್ನೊಂದು ಲೆಕ್ಕ. ಮೀಟರು ಗೀಟರು ಎಲ್ಲ ದಡ್ಡರಿಗೆ.

ಇವತ್ತು ಇದನ್ನೆಲ್ಲ ನೆನೆಸಿಕೊಳ್ಳಲು ಕಾರಣ ಅಶ್ವಿನಿ. ನಮ್ಮಕ್ಕ ಗಂಗಲಕ್ಷ್ಮಮ್ಮನ ಮಗಳು, ಶಿರಾದಲ್ಲಿ ಹೈಸ್ಕೂಲ್ ಟೀಚರು. ಬಸ್ಸಿಳಿದವಳೇ ನೇರ ಅಂಗಡಿಗೆ ಬಂದಳು. ಅಂಗಡಿಯಲ್ಲಿ ಈಗ ಇರುವುದು ಜೆರಾಕ್ಸು, ಲ್ಯಾಮಿನೇಷನ್ನು, ಪಾಸ್‌ಪೋರ್ಟ್ ಸೈಜ್ ಫೋಟೋ ಅಷ್ಟೆ. ಬ್ಯಾಗಿನಿಂದ ಪುಟ್ಟದೊಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಕಪ್ಪು-ಬಿಳುಪು ರೀಲು! ಮುಚ್ಚಳ ತೆಗೆದು ಮೂಸಿ ನೋಡಿದೆ. ಅದೇ ವಾಸನೆ. ಹಳೇ ಸ್ನೇಹಿತ ಹಿಂದಿನಿಂದ ಬಂದು ಕಣ್ಣು ಮುಚ್ಚಿದ ಹಾಗಾಯಿತು.

“ಮಾವ, ಈಗ ಹುಡುಗ್ರೆಲ್ಲ ಮತ್ತೆ ರೀಲಿಗೇ ಬತ್ತಾವ್ರೆ. ನಿಮ್ಮ ಹಳೇ ಕ್ಯಾಮ್ರ ಐತಾ?”

“ಐತಾ ಅಂತೀಯಲ್ಲೇ! ನೇಗ್ಲು ಮೂಲೆ ಸೇರ್ತು ಅಂತ ಸೌದೆ ಸೀಳ್ತಾರೇನೇ?”

ನಗಲಿಲ್ಲ. ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟಳು. ಅಕ್ಕನ ಎಡ ದವಡೆಯ ಗಡ್ಡೆ ಬರೀ ಗಡ್ಡೆಯಲ್ಲವಂತೆ. ಆ ಕಡೆಯ ಮೂಳೆಯನ್ನೇ ತೆಗೆಯಬೇಕಂತೆ. ಕಾಲಿನ ಮೂಳೆ ತಂದು ಅಲ್ಲಿಗೆ ಕೂರಿಸುತ್ತಾರಂತೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅಕ್ಟೋಬರ್ ಮೂರಕ್ಕೆ ದಿನ ಕೊಟ್ಟಿದ್ದಾರೆ. ಜೀವಕ್ಕೆ ಮೋಸವಿಲ್ಲ, ಆದರೆ ಮುಖ ಹೀಗೇ ಇರುತ್ತೆ ಅಂತ ಹೇಳೋಕಾಗಲ್ಲ ಅಂದರಂತೆ ಡಾಕ್ಟರು.

ಅಕ್ಕ ಒಪ್ಪಿದ್ದಾಳೆ. ಆದರೆ ಒಂದು ಷರತ್ತು ಹಾಕಿದ್ದಾಳೆ. ಅದಕ್ಕೆ ಮುಂಚೆ ಅವಳದೊಂದು ನೆಟ್ಟಗಿನ ಫೋಟೋ ಆಗಬೇಕು. ಇಷ್ಟು ವಯಸ್ಸಾದರೂ ಅವಳೊಬ್ಬಳೇ ಇರುವ ಫೋಟೋ ಒಂದೂ ಇಲ್ಲ. ಫೋನಿನಲ್ಲಿ ಅಶ್ವಿನಿ ತೆಗೆದದ್ದನ್ನು ನೋಡಿ, “ಇದ್ಯಾವಳೇ ಸುಣ್ಣ ಬಳ್ಕೊಂಡೋಳು? ನನ್ನ ಸುಕ್ಕೆಲ್ಲ ಎಲ್ಲಿ ಹೋದ್ವು?” ಅಂದಳಂತೆ. “ನಿಮ್ಮಾವ ನರಸ ತೆಗೀಲಿ. ಅಪ್ಪನ್ನ ತೆಗೆದನಲ್ಲ, ಅಂಗೆ. ರೀಲಿನ ಕ್ಯಾಮ್ರದಾಗೆ.”

“ನಿಮ್ಮಮ್ಮನ ಫೋಟೋನ ವಿಧಾನಸೌಧದಾಗೆ ತೂಗಾಕ್ಬೇಕು, ಅಂಗೆ ತೆಗೀತೀನಿ, ನಡಿ,” ಅಂದೆ.

ಅವಳು ಹೋದ ಮೇಲೆ ಬೀರುವಿನಿಂದ ಕ್ಯಾಮೆರಾ ಇಳಿಸಿದೆ. ಗುಂಡಿ ಒತ್ತಿದರೆ ಒಳಕ್ಕೆ ಹೋಯಿತು, ಮೇಲಕ್ಕೆ ಬರಲಿಲ್ಲ. ಯಾರಿಗೂ ಹೇಳಿಲ್ಲ.

ಸೆಪ್ಟೆಂಬರ್ 17, ಬುಧವಾರ

ಹೊಲಿಗೆ ಮಿಷಿನ್ನಿನ ಎಣ್ಣೆ ಬಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಗುಂಡಿಯನ್ನು ದಾರಿಗೆ ತಂದೆ. ನಾನಾಗಿದ್ದಕ್ಕೆ ಆಯಿತು. ಜೆರಾಕ್ಸಿಗೆ ಬಂದ ಇಬ್ಬರು ವಕೀಲರಿಗೆ ತೋರಿಸಿದೆ. ಒಬ್ಬರು ಇದು ಓಡುತ್ತಾ ಅಂದರು. ನೀವು ವಾದ ಮಾಡೋದಕ್ಕಿಂತ ಚೆನ್ನಾಗಿ ಓಡುತ್ತೆ ಸ್ವಾಮಿ ಅಂದೆ.

ಮನೆಯಲ್ಲಿ ಖಾಲಿ ಕ್ಯಾಮೆರಾ ಹಿಡಿದು, ಮುದ್ದೆ ಕಟ್ಟುತ್ತಿದ್ದ ವೇದಾವತಿಯ ಮೇಲೆ ಅಭ್ಯಾಸ ಮಾಡಿದೆ.

“ರೀಲೇ ಇಲ್ದೆ ಯಾಕ್ರೀ ಕಣ್ ಮಿಟುಕಿಸ್ತೀರ? ವಯಸ್ಸಾಯ್ತು ನಿಮ್ಗೆ,” ಅಂದಳು ನನ್ನ ಹೆಂಡತಿ.

ಲೆನ್ಸಿನ ಅಂಚಿನಲ್ಲಿ ಸ್ವಲ್ಪ ಬೂಷ್ಟು ಕಾಣುತ್ತದೆ. ಫೋಟೋದಲ್ಲಿ ಬೀಳುತ್ತೋ ಇಲ್ಲವೋ.

ಸೆಪ್ಟೆಂಬರ್ 24, ಬುಧವಾರ

ಊಟದ ಮಧ್ಯೆ ಹೊಳೆಯಿತು. ಅಕ್ಕನ ಊರು ಕಳ್ಳಂಬೆಳ್ಳದ ಪಕ್ಕ. ಅಲ್ಲಿ ಬೆಟ್ಟವೆಲ್ಲಿದೆ? ಕೆರೆ ಇದೆ, ಹೊಲ ಇದೆ, ನನ್ನ ಬಂಡೆ ಇಲ್ಲ. ಬಂಡೆಯಿಲ್ಲದ ಊರಲ್ಲಿ ಬೆಳಕು ಅಳೆಯುವುದು ಹೇಗೆ?

ಹಿಂದೆಲ್ಲ ಹಳ್ಳಿ ಮದುವೆಗಳಿಗೆ ಹೋದಾಗ ಏನು ಮಾಡುತ್ತಿದ್ದೆ ಅಂತ ನೆನಪು ಮಾಡಿಕೊಂಡೆ. ಫ್ಲ್ಯಾಶ್ ಹಾಕುತ್ತಿದ್ದೆ. ಆ ಫ್ಲ್ಯಾಶು ಈಗ ಸತ್ತಿದೆ. ಇನ್ನೊಂದು ರೀಲು ತರಿಸೇ ಅಂತ ಅಶ್ವಿನಿಗೆ ಫೋನು ಮಾಡಿದರೆ, ಸದ್ಯಕ್ಕೆ ಇದೊಂದೇ ಸಿಕ್ಕಿದ್ದು ಮಾವ ಅಂದಳು. ಫೋನಿನಲ್ಲಾದರೆ ಆಗಲೇ ನೋಡಬಹುದು, ಚೆನ್ನಾಗಿಲ್ಲದಿದ್ದರೆ ಅಳಿಸಿ ಮತ್ತೆ ತೆಗೆಯಬಹುದು. ಇಲ್ಲಿ ಒತ್ತಿದ್ದು ಒತ್ತಿದ್ದೇ. ಹೊಟ್ಟೆಯಲ್ಲಿ ಕೂಸಿದ್ದ ಹಾಗೆ, ಹೊರಗೆ ಬರುವವರೆಗೆ ಯಾರಿಗೂ ಏನೂ ಗೊತ್ತಿಲ್ಲ. ಆಗಿನ ಕಾಲದಲ್ಲಿ ಇಷ್ಟು ಹೆದರಿಕೆ ಇತ್ತೇ? ಇರಲಿಲ್ಲ. ಆಗ ನಮ್ಮಕ್ಕನ ಫೋಟೋ ಆಗಿರಲಿಲ್ಲವಲ್ಲ.

ಸೆಪ್ಟೆಂಬರ್ 28, ಭಾನುವಾರ

ಆಯಿತು. ತೆಗೆದೆ.

ನಾನೂ ವೇದಾವತಿಯೂ ಕಳ್ಳಂಬೆಳ್ಳದಲ್ಲಿ ಬಸ್ಸಿಳಿದು ಆಟೋದಲ್ಲಿ ಹೋದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅಶ್ವಿನಿ ಮದುವೆಗೆ ತಂದಿದ್ದ ನೇರಳೆ ಸೀರೆ ಉಟ್ಟು ರೆಡಿಯಾಗಿದ್ದಳು.

“ಬಾರಪ್ಪ ಫೋಟೋ ಸಾಯೇಬ! ಕತ್ತಿಗೆ ಅದೇನ್ಲಾ, ಎತ್ತಿಗೆ ಗಂಟೆ ಕಟ್ದಂಗೆ?”

ಎಲ್ಲರ ಮುಂದೆ, ಜಗುಲಿಯ ಮೇಲೆ ಕೂತು ರೀಲು ತುಂಬಿದೆ. ಹಿಂದಿನ ಮುಚ್ಚಳ ಹೇಗೆ ತೆಗೆಯುತ್ತಾರೆ, ರೀಲಿನ ನಾಲಿಗೆಯನ್ನು ಹೇಗೆ ಸಿಕ್ಕಿಸುತ್ತಾರೆ, ಎಲ್ಲ ವಿವರಿಸಿ ಹೇಳಿದೆ. ವೇದಾವತಿ ಬಗ್ಗಿ ಬಗ್ಗಿ ನೋಡಿದಳು. ಬೆಳಕು ಎಷ್ಟು ಅಂತ ತಿಳಿಯದೆ, ಮೊದಲು ನಾಲ್ಕಾರು ಫೋಟೋ ಸುಮ್ಮನೆ ಅಳತೆಗೆ ಒತ್ತಿದೆ. ಒಂದು ಹೆಚ್ಚಿಟ್ಟು, ಒಂದು ಕಡಿಮೆಯಿಟ್ಟು. ಅಕ್ಕನಿಗೆ ಅದು ಗೊತ್ತಾಗಲಿಲ್ಲ. ಅವಳು ಭಾವನ ಮೇಲೆ ಹಾರಾಡುತ್ತಿದ್ದಳು. ಭಾವ ಸಂಜೀವಯ್ಯನವರು ಒಳಗಿನಿಂದ ಹಳೇ ಮರದ ಕುರ್ಚಿ ಹೊತ್ತು ತಂದಿದ್ದರು.

“ಆ ಕುರ್ಚಿ ತಂದಿದೀಯಲ್ಲ! ಅದ್ರ ಕಾಲು ಲಟಕ್ ಅಂದ್ರೆ ಆಸ್ಪತ್ರೇಲಿ ದವ್ಡೆ ಜೊತಿಗೆ ಸೊಂಟಾನೂ ಕೊಯ್ಬೇಕಾಯ್ತದೆ!”

ಭಾವ ಕುರ್ಚಿಯನ್ನು ಹಾಗೇ ಹೊತ್ತು ವಾಪಸ್ಸು ಹೋದರು.

ಆಮೇಲೆ ಪ್ಲಾಸ್ಟಿಕ್ ಕುರ್ಚಿ ಬಂತು. ಹಿಂದೆ ಬಿಳಿ ಪಂಚೆ ಕಟ್ಟಿಸಿದೆ. ಕೂತ ತಕ್ಷಣ ಅಕ್ಕ ಬೇರೆಯವಳೇ ಆಗಿಹೋದಳು. ಮಾತಿಲ್ಲ. “ಈ ಗಡ್ಡೆ ಕಾಣ್ದಂಗೆ ತೆಗಿ,” ಅಂದಳು, ಅಷ್ಟೆ. ಎಡಗಡೆಗೆ ತಿರುಗಿಸಿದೆ, ಗಲ್ಲ ತಗ್ಗಿಸಿದೆ, ಸೆರಗು ಸರಿಮಾಡಿಸಿದೆ. ಒಂದೊಂದು ಫೋಟೋ ಆದ ಮೇಲೂ ಕೈ ತಾನಾಗಿ ಎಡಗೆನ್ನೆಗೆ ಹೋಗುತ್ತಿತ್ತು.

“ಆಮೇಕೆ ನನ್ನ ಗುರ್ತು ಸಿಕ್ಕಾಕಿಲ್ವೇನ್ಲಾ ನಿಂಗೆ?”

“ಏ, ನಿನ್ನ ಬಾಯಿ ಕೇಳುದ್ರೆ ಕೆರೆ ಆಚೆಯಿಂದ್ಲೂ ಗುರ್ತು ಸಿಕ್ತದೆ, ಸುಮ್ಕಿರಕ್ಕ.”

ಕೆನ್ನೆ ಹಿಡಿದುಕೊಂಡೇ ನಕ್ಕಳು. ಆ ನಗು ಸಿಕ್ಕಲಿಲ್ಲ. ನಾನು ರೀಲು ಮುಂದಕ್ಕೆ ತಿರುಗಿಸುತ್ತಿದ್ದೆ. ಆದರೆ ಉಳಿದವು ಬಂಗಾರದಂತೆ ಬಂದಿರಬೇಕು, ಬಂದೇ ಇರುತ್ತವೆ.

ಹೊರಡುವಾಗ ಅಶ್ವಿನಿ, “ರೀಲು ತೆಗೆದುಕೊಡಿ ಮಾವ, ಬೆಂಗಳೂರಿಗೆ ಹೋಗ್ತಿದೀವಲ್ಲ, ಅಲ್ಲೇ ತೊಳೆಸ್ತೀನಿ,” ಅಂದಳು. ಕೊನೆಯಲ್ಲಿ ಇನ್ನೂ ಕೆಲವು ಫೋಟೋಕ್ಕೆ ಜಾಗ ಇತ್ತು. ನಮ್ಮ ಕಸುಬಿನವರು ಯಾರೂ ಅರ್ಧ ರೀಲು ಬಿಚ್ಚುವುದಿಲ್ಲ. “ಬೇಯೋಕೆ ಮುಂಚೆ ಮುದ್ದೆ ಇಳಿಸ್ತಾರೇನೇ? ಆಯುಧಪೂಜೆ ದಿನ ಅಂಗಡೀದು ತೆಗೆದು ಮುಗಿಸ್ತೀನಿ. ನಾನೇ ತೊಳೀತೀನಿ,” ಅಂದೆ.

ಸೆಪ್ಟೆಂಬರ್ 30, ಮಂಗಳವಾರ

ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದರು. ಜೊತೆಯಲ್ಲಿ ಅಶ್ವಿನಿ, ಭಾವ.

ಅಂಗಡಿ ತೊಳೆಸಿದೆ. ವೇದಾವತಿಗೆ ಹೇಳಿದ್ದೇನೆ, ಈ ಸಲ ಎಲ್ಲಕ್ಕಿಂತ ಮೊದಲು ಕ್ಯಾಮೆರಾಕ್ಕೆ ಪೂಜೆ. ಅಕ್ಕ ಅದರೊಳಗಿದ್ದಾಳೆ, ಅರೆಮನಸ್ಸಿನಲ್ಲಿ ಮಾಡಬೇಡ ಅಂತ.

ಅಕ್ಟೋಬರ್ 1, ಬುಧವಾರ

ಎಲ್ಲ ಹೋಯಿತು.

ಅಂಗಡಿಗೆ ಬಾಳೆಕಂದು ಕಟ್ಟಿ, ಪೂಜೆಯ ಫೋಟೋ ತೆಗೆಯಲು ಕ್ಯಾಮೆರಾ ತರೋಣ ಅಂತ ಮನೆಗೆ ಬಂದೆ. ದೇವರ ಮುಂದೆ ಮಣೆಯ ಮೇಲೆ ಕುಡುಗೋಲು, ಚಾಕು, ಮಿಕ್ಸಿ, ಮಧ್ಯದಲ್ಲಿ ನನ್ನ ಕ್ಯಾಮೆರಾ. ಸೇವಂತಿಗೆ ಮುಡಿಸಿದ್ದಳು. ಹಿಂದಿನ ಮುಚ್ಚಳ ಪೂರಾ ತೆರೆದುಕೊಂಡಿತ್ತು. ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು, ಪಕ್ಕದಲ್ಲಿ ಎರಡು ದೀಪ, ವೇದಾವತಿಯ ಕೈಯಲ್ಲಿ ಮಂಗಳಾರತಿ. ರೀಲಿನ ಮೇಲೆ ಒಂದು ಬೆರಳಗಲದ ಕುಂಕುಮ.

ಹಾರಿ ಹೋಗಿ ಮುಚ್ಚಿದೆ. ಮುಚ್ಚಿ ಏನು ಪ್ರಯೋಜನ.

“ಯಾಕೆ ತೆಗೆದೆ? ಯಾಕೆ ತೆಗೆದೆ ಅದನ್ನ?”

“ಒಳಕ್ಕೂ ಪೂಜೆ ಆಗ್ಲಿ ಅಂತ ಕಣ್ರೀ… ಲಾರಿಗೆ ಬಾನೆಟ್ ಎತ್ತಿ ಇಂಜಿನ್ನಿಗೆ ಇಡಾಕಿಲ್ವ? ಹೋದ್ಸಲ ಜೆರಾಕ್ಸ್ ಮಿಸೀನಿಗೆ ನೀವೇ ಮುಚ್ಚಳ ತೆಗ್ದು ಇಟ್ರಲ್ಲ?”

“ಅದರ ಹೊಟ್ಟೇಲಿ ಅಕ್ಕ ಅವ್ಳೆ ಕಣೇ! ಬೆಳಕು ಬಿದ್ರೆ ಸುಟ್ಟೋಗ್ತಾಳೆ!”

ಅನ್ನಬಾರದ್ದನ್ನೆಲ್ಲ ಅಂದೆ. ಅವಳು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಕರ್ಪೂರ ತಾನಾಗಿ ಆರಿತು.

ಕುಂಕುಮ ಇಟ್ಟ ಜಾಗ ಫೋಟೋ ತೆಗೆಯದೆ ಇದ್ದ ಜಾಗ. ತೆಗೆದದ್ದೆಲ್ಲ ಪಕ್ಕದಲ್ಲಿ ಸುರುಳಿ ಸುತ್ತಿಕೊಂಡಿದೆ. ಆ ಸುರುಳಿಯೊಳಕ್ಕೆ ಬೆಳಕು ಎಷ್ಟು ನುಗ್ಗಿದೆಯೋ ಯಾರಿಗೆ ಗೊತ್ತು. ಉಳಿದದ್ದನ್ನು ಹಿಂದಕ್ಕೆ ಸುತ್ತಿ ರೀಲು ಹೊರಗೆ ತೆಗೆದು ಡಬ್ಬಿಗೆ ಹಾಕಿದೆ. ಡಬ್ಬಿಯನ್ನು ಅಕ್ಕಿಯೊಳಗೆ ಹೂತಿಟ್ಟಿದ್ದೇನೆ. ಈಗ ಹೂತಿಟ್ಟು ಏನಾಗಬೇಕೋ ನನಗೇ ತಿಳಿಯದು.

ಅಕ್ಟೋಬರ್ 2, ಗುರುವಾರ

ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋದೆ. ವೇದಾವತಿ ಬರಲಿಲ್ಲ. ಅತ್ತಿಗೆ ಮುಖ ಹೆಂಗೆ ನೋಡ್ಲಿ ಅಂದಳು.

ದಾರಿಯುದ್ದಕ್ಕೂ ಒಂದೇ ಯೋಚನೆ. ಇವತ್ತೊಂದು ದಿನ ಇದೆ. ಹೇಳಿಬಿಟ್ಟರೆ ಬೇರೇನಾದರೂ ಮಾಡಬಹುದು. ಆದರೆ ನಾಳೆ ಕೊಯ್ಯಿಸಿಕೊಳ್ಳುವವಳಿಗೆ ಇವತ್ತು ಹೋಗಿ, ನಿನ್ನ ಫೋಟೋ ಹಾಳಾಯಿತು ಅಂತ ಹೇಳುವುದೇ?

ಆಸ್ಪತ್ರೆಯ ಹಸಿರು ಅಂಗಿ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು. ಓಲೆ, ಮೂಗುಬೊಟ್ಟು, ಬಳೆ ಎಲ್ಲ ತೆಗೆಸಿದ್ದರು. ಕಿವಿಯ ಕೆಳಗೆ ಸಣ್ಣದೊಂದು ಮಚ್ಚೆ ಇದೆ. ಹುಟ್ಟಿದಾಗಿನಿಂದ ಈ ಮುಖ ನೋಡಿಕೊಂಡು ಬೆಳೆದಿದ್ದೇನೆ, ಕ್ಯಾಮೆರಾದಲ್ಲೂ ನೋಡಿದೆ, ಆ ಮಚ್ಚೆ ಇವತ್ತು ಕಂಡಿತು. ಎಡಹುಬ್ಬು ಬಲಹುಬ್ಬಿಗಿಂತ ಕೊಂಚ ಮೇಲಿದೆ. ಮಾತಾಡುವ ಮುಂಚೆ ಕೆಳತುಟಿ ಒಂದು ಕ್ಷಣ ಒಳಕ್ಕೆ ಹೋಗುತ್ತದೆ.

“ಏನ್ಲಾ, ಸಂತೇಲಿ ದನ ನೋಡ್ದಂಗೆ ನೋಡ್ತಿದೀಯ?”

“ಏನಿಲ್ಲ ಬುಡಕ್ಕ.”

“ಫೋಟೋ ಹೆಂಗೆ ಬಂದೈತೆ?”

“ಇನ್ನೂ ತೊಳ್ದಿಲ್ಲ. ರೀಲು ಮುಗೀಲಿ ಅಂತ.”

“ನಾನು ಮುಗ್ದೋದ್ರೂ ನಿನ್ನ ರೀಲು ಮುಗಿಯಾಕಿಲ್ಲ ಕಣ್ಲಾ.”

ಪಕ್ಕದ ಮಂಚದವಳು ನಕ್ಕಳು. ನನಗೆ ನಗು ಬರಲಿಲ್ಲ. ಮೆಲ್ಲಗೆ ಫೋನು ತೆಗೆದು ಎತ್ತಿದೆ. ಅಕ್ಕ ಅಂಗೈ ಅಡ್ಡ ಹಿಡಿದಳು.

“ಆ ಸುಣ್ಣದ ಬೊಂಬೆ ನಂಗೆ ಬ್ಯಾಡ. ಅವತ್ತು ತೆಗ್ದಿದೀಯಲ್ಲ, ಸಾಕು. ವೇದ ಯಾಕೆ ಬರ್ನಿಲ್ಲ?”

ಜ್ವರ ಅಂದೆ.

ಅಕ್ಟೋಬರ್ 3, ಶುಕ್ರವಾರ

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ದೀಪ ಹಚ್ಚುವ ಹೊತ್ತಿಗೆ ಹೊರಗೆ ತಂದರು. ಉಸಿರಾಡುತ್ತಿದ್ದಾಳೆ. ಮುಖದ ತುಂಬ ಬಟ್ಟೆ.

ಅಕ್ಟೋಬರ್ 5, ಭಾನುವಾರ

ವಾಪಸ್ಸು ಮಧುಗಿರಿ. ಅಕ್ಕ ಕಣ್ಣು ಬಿಟ್ಟಿದ್ದಾಳೆ, ಮೂಗಿನ ನಳಿಕೆಯಲ್ಲಿ ಗಂಜಿ. ಡಾಕ್ಟರು ಚೆನ್ನಾಗಿ ಆಗಿದೆ ಅಂದರು. ಅವರ ಚೆನ್ನಾಗಿ ಯಾವುದೋ.

ವೇದಾವತಿ ಸರಿಯಾಗಿ ಉಂಡಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ.

“ಅತ್ತಿಗೆ ಊರಿಗೆ ಬಂದ ತಕ್ಷಣ ನಾನೇ ಹೋಗಿ ಕಾಲಿಗೆ ಬಿದ್ದು ಹೇಳ್ತೀನಿ ಕಣ್ರೀ. ನನ್ನ ಕೈಯಾಗೇ ಇಂಗಾಯ್ತು ಅಂತ.”

“ಬಾಯಿ ಮುಚ್ಕೊಂಡಿರು. ಯಾರೂ ಏನೂ ಹೇಳೋದು ಬ್ಯಾಡ.”

ನನಗೆ ಕೋಪ ಇನ್ನೂ ಇಳಿದಿಲ್ಲ. ಆದರೂ ಅವಳ ತಟ್ಟೆಗೆ ನಾನೇ ಮುದ್ದೆ ಹಾಕಿ, ಸಾರು ಬಿಟ್ಟು, ಮುಂದಿಟ್ಟೆ. ಇವಳು ತಲೆಸುತ್ತಿ ಬಿದ್ದರೆ ಅಡಿಗೆ ಮಾಡುವವರು ಯಾರು?

ರೀಲು ತೊಳೆಯುವ ಔಷಧಿ ಪುಡಿಗಳಿಗೆ ಅಶ್ವಿನಿ ಮೊದಲೇ ಬರೆದು ಹಾಕಿದ್ದಳಂತೆ, ಈ ವಾರ ಬರುತ್ತವೆ. ಜೊತೆಗೆ ಇನ್ನೊಂದು ರೀಲೂ ಸಿಕ್ಕಿದೆಯಂತೆ. ಒಳ್ಳೆ ಕಾಲಕ್ಕೆ ಸಿಕ್ಕಿತು.

ಅಕ್ಟೋಬರ್ 9, ಗುರುವಾರ

ಪುಡಿಗಳು ನಿನ್ನೆಯೇ ಬಂದವು. ಒಂದು ದಿನ ಹಾಗೇ ಇಟ್ಟುಕೊಂಡು ಕೂತಿದ್ದೆ. ತೊಳೆಯದೆ ಇರುವವರೆಗೆ ಅಕ್ಕನ ಫೋಟೋ ಒಳಗೆ ಇರಬಹುದು ಅಂತ ಆಸೆಯಾದರೂ ಇರುತ್ತದೆ. ತೊಳೆದ ಮೇಲೆ ಅದೂ ಇಲ್ಲ.

ಇವತ್ತು ಮನಸ್ಸು ಗಟ್ಟಿ ಮಾಡಿದೆ. ಹಳೇ ಡಾರ್ಕ್ ರೂಮಿನಲ್ಲಿ ಈಗ ಹುಣಸೆಹಣ್ಣು, ರಾಗಿ ಮೂಟೆ. ಹಾಗಾಗಿ ಬಚ್ಚಲುಮನೆಗೇ ಕಂಬಳಿ ಕಟ್ಟಿ ಕತ್ತಲೆ ಮಾಡಿದೆ. ಬಾಗಿಲ ಕೆಳಗಿನ ಸಂದಿಗೆ ವೇದಾವತಿ ಹೊರಗಿನಿಂದ ಗೋಣಿಚೀಲ ಒತ್ತಿ, ಕಾವಲು ಕೂತಳು.

ಕತ್ತಲೆಯಲ್ಲಿ ರೀಲನ್ನು ತೊಳೆಯುವ ಡಬ್ಬಿಯ ಚಕ್ರಕ್ಕೆ ಸುತ್ತುವುದು ನನಗೆ ನಿದ್ದೆಯಲ್ಲೂ ಬರುವ ಕೆಲಸ. ಬರಲಿಲ್ಲ. ಬೆವರಿಗೆ ಅಂಟಿಕೊಂಡಿತು, ಎರಡು ಸಲ ಜಾರಿತು.

“ಆಯ್ತೇನ್ರೀ?”

“ಮಾತಾಡ್ಬ್ಯಾಡ.”

ಸ್ವಲ್ಪ ಹೊತ್ತಿಗೆ, “ಮೆತ್ತಗೆ ಮಾಡ್ರಿ. ಅವಸರ ಏನೈತೆ,” ಅಂದಳು ಹೊರಗಿನಿಂದ. ನನಗೆ ಬುದ್ಧಿ ಹೇಳುತ್ತಾಳೆ. ಆದರೂ ಮೂರನೇ ಸಲಕ್ಕೆ ಕೂತುಕೊಂಡಿತು.

ಡೆವಲಪರ್ ಹಾಕಿ, ಅಲ್ಲಾಡಿಸಿ, ಚೆಲ್ಲಿ, ಚಿತ್ರ ಮಾಸದಿರಲು ಹೈಪೋ ಹಾಕಿ ತೊಳೆದು, ಹೊರಗೆ ಎಳೆದೆ. ಕಪ್ಪು. ಮೊಳಗಟ್ಟಲೆ ಕಪ್ಪು, ಇದ್ದಿಲ ಹಾಗೆ. ಪಂಚೆ ಕಟ್ಟಿಸಿದ್ದು, ಗಲ್ಲ ತಗ್ಗಿಸಿದ್ದು, ಸೆರಗು ಸರಿಮಾಡಿಸಿದ್ದು, ಒಂದೂ ಇಲ್ಲ. ಬಚ್ಚಲ ಕಟ್ಟೆಯ ಮೇಲೆ ಕೂತೆ.

ವೇದಾವತಿ ಒಳಗೆ ಬಂದು, ಒದ್ದೆ ರೀಲಿನ ಇನ್ನೊಂದು ತುದಿ ಹಿಡಿದು ಬೆಳಕಿಗೆ ಎತ್ತಿದಳು.

“ರೀ. ಇದ್ಯಾರು?”

ಸುರುಳಿಯ ಹೊಟ್ಟೆಯೊಳಗಿದ್ದ ತುದಿ ಅದು. ಮೊದಲು ತೆಗೆದದ್ದು ಒಳಗಿರುತ್ತದೆ, ಆಮೇಲೆ ತೆಗೆದದ್ದು ಮೇಲೆ ಸುತ್ತಿಕೊಳ್ಳುತ್ತದೆ. ಬೆಳಕು ಮೇಲಿನಿಂದ ತಿಂದುಕೊಂಡು ಬಂದು, ತೀರಾ ಒಳಗಿನ ಎರಡು ಸುತ್ತಿನ ಅಂಚನ್ನು ಮಾತ್ರ ಕಚ್ಚಿ ಬಿಟ್ಟಿದೆ. ಅಳತೆಗೆ ಒತ್ತಿದ್ದೆನಲ್ಲ, ಅವು. ಎರಡರಲ್ಲಿ ಬರೀ ಮಸುಕು. ಮೂರನೆಯದರಲ್ಲಿ ಅಕ್ಕ ಇದ್ದಾಳೆ. ಎಡಗಡೆಗೆ ತಿರುಗಿ, ಕೈ ಚಾಚಿ, ಬಾಯಿ ತೆರೆದು, ಯಾರನ್ನೋ ಬೈಯುತ್ತಾ.

ನೆಗೆಟಿವ್‌ನಲ್ಲಿ ಬಿಳಿಯೆಲ್ಲ ಕಪ್ಪಾಗುತ್ತದೆ, ಅವಳ ನರೆತ ಕೂದಲೆಲ್ಲ ಕಪ್ಪಗಿದೆ. ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಕೆರೆಗೆ ಹೋಗುತ್ತಿದ್ದಾಗಿನ ಹಾಗೆ.

ಬಟ್ಟೆ ಕ್ಲಿಪ್ಪಿನಲ್ಲಿ ರೀಲು ನೇತುಹಾಕಿ, ನಾವಿಬ್ಬರೂ ಅಲ್ಲೇ ಕೂತಿದ್ದೆವು. ಒಣಗುವವರೆಗೆ ಧೂಳು ಕೂರಬಾರದು ಅಂತ ಕಾಯುವುದು ಕ್ರಮ.

ಅಕ್ಟೋಬರ್ 12, ಭಾನುವಾರ

ಅಶ್ವಿನಿ ಬಂದು 'ಎಲ್ಲಿ ಮಾವ' ಅಂತ ಕೈಚಾಚಿದಳು. ರೀಲು ಕೊಟ್ಟೆ. ಅಂಗಡಿಯ ಮಿಷಿನ್ನಿನಲ್ಲೇ ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ ನೋಡಿದಳು. ಫೋಟೋದ ಎರಡೂ ಅಂಚಿನಿಂದ ಬೆಳ್ಳಗಿನ ಬೆಂಕಿ ಒಳಕ್ಕೆ ನುಗ್ಗಿದೆ. ಮಧ್ಯದಲ್ಲಿ ಅಕ್ಕ.

“ಅಯ್ಯೋ ಮಾವ, ಲೈಟ್ ಲೀಕ್! ಇಂಗೆ ಬರ್ಲಿ ಅಂತ್ಲೇ ಜನ ಫೋನಿಗೆ ಆ್ಯಪ್ ಹಾಕ್ಕೊಂಡು ಒದ್ದಾಡ್ತಾರೆ. ಹೆಂಗೆ ಮಾಡಿದ್ರಿ?”

“ಅದಕ್ಕೆಲ್ಲ ಅನುಭವ ಬೇಕು ಕಣಮ್ಮ.”

ಬಾಯಿಗೆ ಬಂದದ್ದು ಬಂದುಬಿಟ್ಟಿತು. ಆಮೇಲೆ ಅವಳು, ಉಳಿದವು ಎಲ್ಲಿ ಅಂದಳು. ನಾನು ಜೆರಾಕ್ಸ್ ಕಾಗದ ಜೋಡಿಸುತ್ತಾ ನಿಂತೆ. ಕಪ್ಪು ಪಟ್ಟಿಯನ್ನು ತಾನೇ ಎತ್ತಿ ನೋಡಿದಳು. ಜಾಣೆ, ಮತ್ತೇನೂ ಕೇಳಲಿಲ್ಲ.

“ಅಮ್ಮ ದಿನಾ ಸನ್ನೆ ಮಾಡಿ ಕೇಳುತ್ತೆ ಮಾವ. ನೇರಳೆ ಸೀರೆ ಫೋಟೋ ಹೆಂಗೆ ಬಂದೈತೆ ಅಂತ. ಮನೇಲಿರೋ ಕನ್ನಡಿನೆಲ್ಲ ತೆಗೆದಿಟ್ಟು ಬಂದಿದೀನಿ. ಹಳೇ ಮುಖನಾದ್ರೂ ನೋಡ್ಕೊಳ್ಲಿ ಅಂತಿದ್ದೆ. ಇದರಾಗೆ ನೋಡಿದ್ರೆ ಬಾಯಿ ತೆಗ್ದು ಬೈತಾ ಐತೆ.”

ರಾತ್ರಿ ಊಟ ಸೇರಲಿಲ್ಲ. ಬಾಯಿಯದೇ ಫೋಟೋ ಉಳಿಯಬೇಕಾಗಿತ್ತೆ?

ಅಕ್ಟೋಬರ್ 19, ಭಾನುವಾರ

ಅಕ್ಕ ಊರಿಗೆ ಬಂದು ಎರಡು ದಿನವಾಯಿತು. ನಾನು ವೇದಾವತಿ ಹೋದೆವು. ಹೊಸ ರೀಲು ತುಂಬಿ ಕ್ಯಾಮೆರಾ ಚೀಲದಲ್ಲಿಟ್ಟುಕೊಂಡೆ, ತೆಗೆಯುವ ಧೈರ್ಯವಿರಲಿಲ್ಲ, ಸುಮ್ಮನೆ. ಫೋಟೋವನ್ನು ದೊಡ್ಡದಾಗಿ ಹಾಕಿಸಿ, ಚೌಕಟ್ಟು ಕಟ್ಟಿಸಿ, ಹಳೇ ಟವೆಲ್ಲಿನಲ್ಲಿ ಸುತ್ತಿ ಒಯ್ದಿದ್ದೆ.

ಬಟ್ಟೆ ಬಿಚ್ಚಿದ್ದರು. ಎಡಗಡೆ ತಗ್ಗಾಗಿದೆ. ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ, ಕಿವಿಯಿಂದ ಗಲ್ಲದವರೆಗೆ ಹೊಲಿಗೆ. ಮಚ್ಚೆ ಇದೆಯೇ ಅಂತ ನೋಡಿದೆ. ಇದೆ.

ವೇದಾವತಿ ಒಳಗೆ ಕಾಲಿಟ್ಟವಳೇ ಅಳಲು ಶುರುಮಾಡಿದಳು. ಅವಳು ಬಾಯಿ ಬಿಡುವ ಮುಂಚೆ ನಾನೇ ಹೇಳಿದೆ.

“ಅಕ್ಕ, ಒಂದ್ ಎಡವಟ್ಟಾಯ್ತು. ಧೂಳು ಒರ್ಸಾನ ಅಂತ ಕ್ಯಾಮ್ರದ ಮುಚ್ಚಳ ತೆಗ್ದುಬುಟ್ಟೆ, ರೀಲು ಐತೆ ಅನ್ನೋದೇ ಮರ್ತೋಯ್ತು. ನನ್ನ ಕೈಯಾಗೇ ಹಾಳಾಯ್ತು. ಸೀರೆ ಉಟ್ಕೊಂಡು ಕುಂತಿದ್ದೆಲ್ಲ ಹೋಯ್ತು. ಇದೊಂದೇ ಉಳ್ದಿರೋದು.”

ಇಂಥ ಸುಳ್ಳನ್ನು ತಡವರಿಸದೆ ಹೇಳಬೇಕಾದರೆ ನನ್ನಂಥವನೇ ಆಗಬೇಕು. ವೇದಾವತಿ ಕೂಡ ದಂಗಾಗಿ ಅಳು ನಿಲ್ಲಿಸಿದಳು.

ಅಕ್ಕ ಫೋಟೋ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಅಶ್ವಿನಿಯ ಕಡೆ ತಿರುಗಿ, ಅಂಗೈಯನ್ನು ಮುಖದ ಮುಂದೆ ಹಿಡಿದು ಅಲ್ಲಾಡಿಸಿದಳು. ಕನ್ನಡಿ. ಅಶ್ವಿನಿ ಕಾಣದವಳ ಹಾಗೆ ನಿಂತಳು. ಅಕ್ಕ ಇನ್ನೊಮ್ಮೆ ಅಲ್ಲಾಡಿಸಿದಳು. ಭಾವ ಎದ್ದು ಹೋಗಿ, ಅಟ್ಟದ ಮೇಲಿಂದ ತಮ್ಮ ಗಡ್ಡ ಹೆರೆಯುವ ಕನ್ನಡಿ ತಂದುಕೊಟ್ಟರು.

ಒಂದು ಕೈಯಲ್ಲಿ ಕನ್ನಡಿ, ತೊಡೆಯ ಮೇಲೆ ಫೋಟೋ. ಇದನ್ನು ನೋಡುತ್ತಾಳೆ, ಅದನ್ನು ನೋಡುತ್ತಾಳೆ. ಕೊಟ್ಟಿಗೆಯಲ್ಲಿ ಕರು ಕೂಗುತ್ತಿದ್ದರೂ ಯಾರೂ ಎದ್ದು ಹೋಗಲಿಲ್ಲ.

ಕನ್ನಡಿ ಕೆಳಗಿಟ್ಟಳು. ಮಾತು ಮುದ್ದೆ ಮುದ್ದೆಯಾಗಿ ಬರುತ್ತದೆ, ಬಾಯಿಯನ್ನೇ ನೋಡುತ್ತಿದ್ದರೆ ತಿಳಿಯುತ್ತದೆ.

“ಯಾರಿಗ್ಲಾ ಬೈತಾವ್ಳೆ ಇವ್ಳು?”

“ಭಾವಂಗೆ. ಮುರುಕು ಕುರ್ಚಿ ತಂದಿದ್ದಕ್ಕೆ.”

ಅಕ್ಕನ ಹೊಟ್ಟೆ ಕುಲುಕಿತು. ನಗು ಬರೀ ಬಲಗಡೆಗೆ ಬಂತು.

“ಗೋಡೆಗಾಕಿ. ನಂಗೆ ಬಾಯಿ ಬರೋಗಂಟ ನಿಮ್ ಭಾವಂಗೆ ಬೈಯ್ಯಾಕೆ ಇವ್ಳಿರ್ಲಿ.”

ಬದುಕಿರುವವರ ಫೋಟೋವನ್ನು ತೀರಿಹೋದ ಅಪ್ಪನ ಫೋಟೋದ ಪಕ್ಕ ತೂಗುಹಾಕುತ್ತಾರಾ ಅಂತ ನನಗೆ ಅಳುಕು. ಭಾವ ಆಗಲೇ ಮೊಳೆ ಹುಡುಕುತ್ತಿದ್ದರು.

ಆಮೇಲೆ ಅಕ್ಕ ನನ್ನ ಚೀಲ ತೋರಿಸಿ, ತೆಗಿ ಅಂತ ಸನ್ನೆ ಮಾಡಿದಳು. ಗೋಡೆಗೆ ಒರಗಿ ಕೂತಳು. ಸೀರೆ ಬದಲಿಸಲಿಲ್ಲ. ನಾನು ಅಭ್ಯಾಸಬಲದಿಂದ, “ಸ್ವಲ್ಪ ಎಡಕ್ಕೆ ತಿರುಕ್ಕೋ ಅಕ್ಕ,” ಅಂದೆ. ತಿರುಗಲಿಲ್ಲ. ಕೈ ಕೂಡ ಕೆನ್ನೆಗೆ ಹೋಗಲಿಲ್ಲ. ನೇರ ನನ್ನನ್ನೇ ನೋಡಿದಳು. ಬೆಳಕು ಎಷ್ಟು ಅಂತ ಲೆಕ್ಕ ಹಾಕಿದೆನೋ ಇಲ್ಲವೋ ನೆನಪಿಲ್ಲ. ಒಂದೇ ಒಂದು ಒತ್ತಿದೆ.

ಕ್ಯಾಮೆರಾ ಚೀಲಕ್ಕೆ ಹಾಕಿಕೊಳ್ಳುವಾಗ ಅಕ್ಕ ಕೈಯಿಂದ ಕಿತ್ತುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿ, ಮುಚ್ಚಳದ ಸಂದಿಯನ್ನು ಉಗುರಿನಿಂದ ಕೆರೆದಳು. ಉಗುರು ಕೆಂಪಾಯಿತು. ಆ ಉಗುರನ್ನು ನನಗೆ ತೋರಿಸಿದಳು, ವೇದಾವತಿಗೆ ತೋರಿಸಿದಳು.

“ಧೂಳು ಒರ್ಸ್ತಿದ್ನಂತೆ.”

ವೇದಾವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಕ್ಕ ಅವಳ ತಲೆಗೆ ಮೆಲ್ಲಗೊಂದು ಮೊಟಕಿದಳು. ಎದ್ದು ಹೋಗಿ ಕ್ಯಾಮೆರಾವನ್ನು ತನ್ನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ದೀಪಾವಳಿ ಬತ್ತೈತೆ. ನಿಮ್ಮನ್ಯಾಗಿದ್ರೆ ಮತ್ತೆ ಪೂಜೆ ಆಯ್ತದೆ. ಇಲ್ಲೇ ಇರ್ಲಿ. ರೀಲು ಮುಗಿಯೋಗಂಟ ನೀನೇ ಬಂದ್ ಬಂದ್ ತೆಗ್ದೋಗು.”

ನನ್ನ ಕ್ಯಾಮೆರಾವನ್ನು ನನ್ನ ಕೈಯಿಂದಲೇ ಕಿತ್ತುಕೊಳ್ಳುವುದು ಅಂದರೆ ಏನು! ಬೇರೆ ಯಾರಾದರೂ ಆಗಿದ್ದರೆ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ವೇದಾವತಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ನಾನು ಕಿಟಕಿಯಿಂದ ನೋಡುತ್ತಾ ಲೆಕ್ಕ ಹಾಕಿದೆ. ರೀಲಿನಲ್ಲಿ ಇನ್ನೂ ಬೇಕಾದಷ್ಟು ಜಾಗ ಇದೆ. ಹೋದಾಗಲೆಲ್ಲ ಒಂದೇ ಒತ್ತಬೇಕು ಅಂದುಕೊಂಡಿದ್ದೇನೆ, ಎರಡನೆಯದು ಒತ್ತು ಅಂತ ಅಕ್ಕ ಎಷ್ಟು ಬೈದರೂ ಸರಿಯೇ.